ಅರಗು ಹಚ್ಚಿದ ಬಂದೂಕು

ಬಂದೂಕಿಗೆ ಅರಗು ಹಚ್ಚಬೇಡಿ. ಈ ಕಸುಬಿಗೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಮರಕ್ಕೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಸುಮ್ಮನೆ ಎತ್ತಿಡಿ. ಹೊಳೆಯಲಿಲ್ಲ ಅಂತ ಗಿರಾಕಿ ಗೊಣಗಿದರೆ ಗೊಣಗಲಿ. ಯಾಕೆ ಅಂತ ಕೇಳುವವರು ಮುಂದೆ ಓದಿ. ಕೇಳದೆ ಒಪ್ಪಿಕೊಳ್ಳುವವರು ಇಲ್ಲಿಗೇ ನಿಲ್ಲಿಸಿದರೂ ನನಗೆ ಬೇಸರವಿಲ್ಲ, ಮುಂದಿನದನ್ನು ಹೇಳಿಕೊಳ್ಳುವುದು ನನಗೇನೂ ಸುಖದ ಕೆಲಸವಲ್ಲ.

ರಾಮನಗರದ ಒಂದು ಬಂದೂಕಿನ ಅಂಗಡಿಯಲ್ಲಿ ನಾನು ಮೂವತ್ತೆಂಟು ವರ್ಷ ದುಡಿದೆ. ರಿಪೇರಿ ನನ್ನದು. ಹಳೆಯ ಬಂದೂಕಿಗೆ ಬೆಲೆ ಕಟ್ಟುವುದೂ ಕೊನೆಕೊನೆಗೆ ನನ್ನ ಪಾಲಿಗೇ ಬಂತು. ರಾಮನಗರದಲ್ಲಿ ಬಂದೂಕಿನ ಅಂಗಡಿಯೇ ಅಂತ ಬೆಂಗಳೂರಿನವರು ಹುಬ್ಬೇರಿಸುತ್ತಾರೆ. ಕನಕಪುರದ ಕಾಡಂಚಿನಲ್ಲಿ ಆನೆ, ಮಾಗಡಿ ಕಡೆ ಹಂದಿ. ರಾಗಿ ಮನೆಗೆ ಬರಬೇಕೆಂದರೆ ಒಂದು ಸದ್ದನ್ನಾದರೂ ಮಾಡಬೇಕಲ್ಲ! ಬೆಳೆ ಕಾಯಲು ಲೈಸೆನ್ಸ್ ಮಾಡಿಸಿಕೊಂಡ ಬಂದೂಕುಗಳು ನಮ್ಮ ನಾಲ್ಕು ತಾಲ್ಲೂಕಿನಲ್ಲೂ ಇವೆ. ಎಲೆಕ್ಷನ್ ಬಂದಾಗ ಅವೆಲ್ಲ ಠಾಣೆಗೋ ಅಂಗಡಿಗೋ ಬಂದು ಕೂರುತ್ತವೆ. ಆಯುಧಪೂಜೆ ಬಂದರೆ ನಮ್ಮ ಅಂಗಡಿ ಮುಂದೆ ಸಾಲು.

ನಮ್ಮ ಯಜಮಾನರು ಬಾಯಿ ತೆರೆದರೆ ಬೈಗುಳವೇ. ಆದರೆ ಕೆಲಸ ಕಲಿಸಿದವರು ಅವರೇ. "ಲೇ ಸಿದ್ದ, ಕೈ ಮುಂದೆ ಮಾಡ್ಬೇಡ ಕಣ್ಲಾ. ಮೊದ್ಲು ಕಣ್ಣು, ಆಮೇಲೆ ಮೂಗು, ಕೊನೇಗೆ ಕೈ," ಎನ್ನುತ್ತಿದ್ದರು. ಮೂಗು ಯಾಕೆ ಅಂತ ನಗಬೇಡಿ. ಮಾಗಡಿ ಕಡೆಯಿಂದ ಒಬ್ಬ ಗೌಡರು ಬಂದೂಕು ತಂದು, ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದೆ ಅಂದರು. ಮೂಸಿದ್ದರೆ ಮೊಸರು ಹುಳಿತ ವಾಸನೆ ಗೊತ್ತಾಗುತ್ತಿತ್ತು. ನಾನು ಧೀರನ ಹಾಗೆ ಕಡ್ಡಿ ತೂರಿಸಿದೆ. ಐದು ವರ್ಷ ಪೂಜೆ ಮಾಡಿ ಮಾಡಿ ಆ ಮನೆಯವರು ನಳಿಗೆಯೊಳಗೇ ಅರಿಶಿನ, ಕುಂಕುಮ, ಪಂಚಾಮೃತ ಸುರಿದಿದ್ದರು. ನಳಿಗೆ ಒಳಗೊಳಗೇ ತುಕ್ಕು ತಿಂದು ಜರಡಿಯಾಗಿತ್ತು. "ದೇವ್ರು ಅಂತ ಮಾಡಿದ್ದು ಸ್ವಾಮಿ," ಅಂದರು ಗೌಡರು. "ದೇವ್ರಿಗೂ ನೆಗಡಿ ಆಗ್ತೈತೆ ಗೌಡ್ರೇ," ಅಂದರು ಯಜಮಾನರು.

ಬೆಲೆ ಕಟ್ಟುವುದರಲ್ಲೂ ನಾನು ಮುಗ್ಗರಿಸಿದವನೇ. ಇಂಗ್ಲೆಂಡಿನ ದೊಡ್ಡ ಹೆಸರು ಕೊರೆದ ಒಂದು ಬಂದೂಕನ್ನು ಹೊಗಳಿ ಹೊಗಳಿ ಬರೆದುಕೊಟ್ಟೆ. ಆ ಹೆಸರನ್ನು ಇಲ್ಲೇ ಯಾವನೋ ಉಳಿ ಹಿಡಿದು ಕೆತ್ತಿದ್ದ. ಅಂದಿನಿಂದ ಒಂದು ಪಾಠ ಕಲಿತೆ, ನೀವೂ ಕಲಿಯಿರಿ: ಮೇಲೆ ಕಾಣುವ ಹೆಸರು ನಂಬಬೇಡಿ, ಲೈಸೆನ್ಸ್ ಪುಸ್ತಕದ ನಂಬರನ್ನಂತೂ ನಂಬಲೇಬೇಡಿ. ಹಳೆಯ ಗುಮಾಸ್ತರು ಬಂದೂಕಿನ ಮೇಲೆ ಕಣ್ಣಿಗೆ ಬಿದ್ದ ಯಾವುದೋ ಪೇಟೆಂಟ್ ನಂಬರನ್ನೇ ಬಂದೂಕಿನ ನಂಬರೆಂದು ಬರೆದುಬಿಟ್ಟಿರುತ್ತಾರೆ. ನಳಿಗೆಯ ಕೆಳಗಿನ ಮರದ ತುಂಡನ್ನು ಬಿಚ್ಚಿ, ಒಳಗಿನ ಕಬ್ಬಿಣದಲ್ಲಿ ಇರುವುದನ್ನು ಓದಿ. ಈಗಿನವರು ಫೋನಿನಲ್ಲಿ ಫೋಟೋ ಕಳಿಸಿ "ಸರ್, ರೇಟ್ ಹೇಳಿ" ಅನ್ನುತ್ತಾರೆ. ಫೋಟೋಗೆ ಹೊಟ್ಟೆಯೊಳಗಿನದು ಕಾಣುವುದಿಲ್ಲ.

ಇನ್ನು ಅರಗಿನ ವಿಷಯ.

ನಾನು ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಯವನು. ಅಪ್ಪ ಪಟ್ಟಡಿ ಎನ್ನುವ ಕೆಲಸದ ಕೋಣೆಯಲ್ಲಿ ಹಾಲೆ ಮರ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವಂತೆ ಹೊಳೆಯುತ್ತಿತ್ತು. ನಮ್ಮ ಮನೆಯಲ್ಲಿ ಹೊಳೆಯದ ಮರ ಎಂದರೆ ಮುಗಿಯದ ಕೆಲಸ. ಆ ಬುದ್ಧಿಯನ್ನು ಹೊತ್ತುಕೊಂಡೇ ಅಂಗಡಿಗೆ ಸೇರಿದೆ.

ಸೇರಿದ ಎರಡನೆಯ ವರ್ಷ, ಆಯುಧಪೂಜೆಗೆ ಎರಡು ದಿನ ಇತ್ತು. ಯಜಮಾನರು ಬೆಂಗಳೂರಿಗೆ ಹೋಗಿದ್ದರು. ಯಾರೋ ಒಬ್ಬ ರೈತ ಗೋಣಿಚೀಲದಲ್ಲಿ ಸುತ್ತಿದ್ದ ಬಂದೂಕು ತಂದ. ಅಕ್ಕಪಕ್ಕ ಎರಡು ನಳಿಗೆ, ತೋಟಾಗೆ ಬಡಿಯುವ, ಹೊರಗೆ ಎದ್ದು ಕಾಣುವ ಎರಡು ಕುದುರೆ, ನಳಿಗೆಯ ಮೈಮೇಲೆಲ್ಲ ಹೆಬ್ಬಾವಿನ ಮೈಯಂಥ ಸುಳಿ. ಮರವೆಲ್ಲ ಮಂಕಾಗಿತ್ತು. "ಮಾವ ಕೊಟ್ಟಿದ್ದು. ಒಸಿ ಹೊಳೆಯೋ ಹಂಗೆ ಮಾಡ್ಕೊಡಿ," ಅಂದ. ಇಷ್ಟು ಸಾಕಾಯಿತು ನನಗೆ. ಕೈ ಜಾರದಿರಲೆಂದು ಯಾವ ಪುಣ್ಯಾತ್ಮನೋ ಕೂದಲೆಳೆಯಷ್ಟು ಸಣ್ಣಗೆ ಕೊರೆದಿದ್ದ ಚೌಕುಳಿ ಗೆರೆಗಳನ್ನೆಲ್ಲ ಮರಳುಕಾಗದ ಹಿಡಿದು ತೀಡಿ ಹಾಕಿದೆ. ಹೆಗಲಿಗೆ ಒತ್ತಿಕೊಳ್ಳುವ ಮರದ ಕೆಳಬದಿಯಲ್ಲಿ ಮೊಟ್ಟೆಯಾಕಾರದ ಒಂದು ಕರೀ ಬಿಲ್ಲೆ ಕೂರಿಸಿತ್ತು. ಮರಳುಕಾಗದಕ್ಕೆ ಅಡ್ಡ ಬರುತ್ತದೆ ಅಂತ ಅದನ್ನು ಕಿತ್ತೆ. ಆ ಗುಳಿಗೆ ಮರದ ಪುಡಿ ತುಂಬಿ, ಮೇಲೆ ಕೆಂಪು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ನಾಲ್ಕು ಸಲ ಬಳಿದು, ಅಪ್ಪನ ಹಾಗೆಯೇ ಗರಿಯಲ್ಲಿ ಉಜ್ಜಿದೆ. ರೈತ ನೋಡಿ, "ಅಯ್ಯೋ ಶಿವ್ನೇ, ಮದ್ವೆ ಹೆಣ್ಣು ಆಗೋಯ್ತಲ್ಲ!" ಅಂದು ಖುಷಿಯಾಗಿ ಹೋದ. ನನಗೂ ಎದೆ ಉಬ್ಬಿತು.

ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ನೋಡಿದೆ. ಬೆಳ್ಳಿ! ಮೇಲೆ ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರ. ನನಗೆ ಆಗ ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷೂ ಬರುತ್ತಿರಲಿಲ್ಲ. ಕೇಳಿದಾಗ ಕೊಟ್ಟರಾಯಿತು ಅಂದುಕೊಂಡು ಅಪ್ಪ ಮಾಡಿದ್ದ ಒಂದು ಅರಗಿನ ಭರಣಿಯಲ್ಲಿ ಹಾಕಿಟ್ಟೆ. ಯಾರೂ ಕೇಳಲಿಲ್ಲ. ಯಜಮಾನರಿಗೆ ನಾನೂ ಹೇಳಲಿಲ್ಲ. ಕೆಲವು ವರ್ಷ ಕಳೆದು ಕೆಲಸ ಬುದ್ಧಿಗೆ ಹತ್ತಿದ ಮೇಲೆ, ಎಂಥ ಬಂದೂಕನ್ನು ಬೊಂಬೆ ಮಾಡಿ ಕಳಿಸಿದೆನೆಂದು ಅರಿವಾಗಿ ಬೆವರಿದ್ದೆ. ಆಮೇಲೆ ಮರೆತೆ. ಮರೆಯುವುದು ನಮಗೆಲ್ಲ ಚೆನ್ನಾಗಿ ಬರುವ ಕಸುಬು.

ನಿವೃತ್ತಿಗೆ ಇನ್ನು ಒಂದು ವರ್ಷವಿತ್ತು. ಬೆಂಗಳೂರಿನಿಂದ ಒಬ್ಬ ರಾಯರು ಕಾರಿನಲ್ಲಿ ಬಂದರು. ಹಳೆಯ ಬಂದೂಕು ಕೂಡಿಡುವ ಹುಚ್ಚು ಅವರಿಗೆ. ಇಂಗ್ಲೆಂಡಿನ ಒಂದು ಹಳೆಯ ಕಾರ್ಖಾನೆಯ ದಾಖಲೆಯ ನಕಲು ತಂದಿದ್ದರು. ಜೋಡಿ ನಳಿಗೆ, ಹೊರಗೆ ಕುದುರೆ, ನಳಿಗೆ ತೆರೆಯುವ ಸನ್ನೆಕಡ್ಡಿ ಎಲ್ಲದರಂತೆ ಮೇಲಿಲ್ಲದೆ ಕೆಳಗಿದೆ, ನಳಿಗೆಯ ಅಳತೆ ಇಪ್ಪತ್ತು ಬೋರು. ಇದು ಈ ಕಡೆ ಕಾಡಿನ ಇಲಾಖೆಯಲ್ಲಿದ್ದ ಒಬ್ಬ ದೊರೆಗೆ ಹೋಗಿತ್ತಂತೆ. "ಇಂಥದ್ದು ಅವರು ಮಾಡಿದ್ದೇ ಬೆರಳೆಣಿಕೆ, ಸಿದ್ದರಾಜು. ಹುಡುಕಿಕೊಡಿ. ಕೊಳ್ಳುವುದು ಆಮೇಲಿನ ಮಾತು, ಕಣ್ಣಲ್ಲಿ ನೋಡಿದರೆ ಸಾಕು," ಅಂದರು.

ಲೈಸೆನ್ಸ್ ನಂಬರಿಂದ ಹುಡುಕಿದರೆ ಸಿಕ್ಕುವುದಿಲ್ಲ, ಅದು ಗೊತ್ತಿತ್ತು. ಮಾಗಡಿಯಲ್ಲಿ ಒಂದು, ಹಾರೋಹಳ್ಳಿ ಹತ್ತಿರ ಒಂದು ನೋಡಿ ಬಂದೆ, ಎರಡೂ ಬೇರೆ. ಆಮೇಲೆ ಒಂದು ಯೋಚನೆ ಬಂತು. ನಮ್ಮ ಕಡೆ ಇರುವುದೆಲ್ಲ ಹನ್ನೆರಡು ಬೋರು. ಇಪ್ಪತ್ತು ಬೋರಿನ ಬಂದೂಕಿಗೆ ಅದರ ಅಳತೆಯ ತೋಟಾವೇ ಬೇಕು. ತೋಟಾ ಕೊಂಡವರ ಹೆಸರು ಅಂಗಡಿಯ ಪುಸ್ತಕದಲ್ಲಿ ಇರಲೇಬೇಕು. ಅಟ್ಟದ ಮೇಲಿನ ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿ, ಧೂಳು ಕುಡಿದು, ನಾಲ್ಕು ದಿನ ಕೂತೆ. ಇಪ್ಪತ್ತು ಬೋರು ಕೊಂಡಿದ್ದವನು ಒಬ್ಬನೇ ಒಬ್ಬ: ಚಿಕ್ಕೇಗೌಡ, ದೊಡ್ಡಆಲಹಳ್ಳಿ. ಕೊನೆಯ ಬಾರಿ ಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ರಾಯರೂ ನಾನೂ ಹೋದೆವು. ಚಿಕ್ಕೇಗೌಡ ತೀರಿಕೊಂಡಿದ್ದ. ಬಂದೂಕು, ಲೈಸೆನ್ಸ್ ಎರಡೂ ಅವನ ಹೆಂಡತಿ ಪುಟ್ಟತಾಯಮ್ಮನ ಹೆಸರಿನಲ್ಲಿದ್ದವು. ಎಪ್ಪತ್ತರ ಗಟ್ಟಿ ಹೆಂಗಸು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವರು, "ಒಳಿಕ್ ಬರ್ಬೇಡಿ, ಹುಳ ಜ್ವರಕ್ಕೆ ಕೂತು ಪೊರೆ ಬಿಡೋ ಹೊತ್ತು. ಜಗಲಿ ಮ್ಯಾಲ್ ಕೂತ್ಕಳಿ," ಅಂದರು. ವಿಷಯ ಹೇಳಿದೆವು. ಸೊಪ್ಪಿನ ಕೈ ತೊಳೆದು ಬಂದು ಮೊದಲೇ ಹೇಳಿಬಿಟ್ಟರು: "ಮಾರಕ್ಕಿಲ್ಲ. ನೋಡಿ, ಆದ್ರೆ ನಂಗೊಂದು ಕಾಗ್ಜ ಬರ್ಕೊಡ್ಬೇಕು."

"ಏನಂತ ತಾಯಿ?"

"ಇದು ಕದ್ದಿದ್ದಲ್ಲ ಅಂತ."

ಆಗ ಕಥೆ ಹೇಳಿದರು. ಅವರ ಅಪ್ಪ ಮುದ್ದೇಗೌಡ ಕಾಡಿನಲ್ಲಿ ದೊರೆಗೆ ಜಾಡು ತೋರಿಸುತ್ತಿದ್ದವನು. ಒಂಟಿ ಹಂದಿ ನುಗ್ಗಿ ದೊರೆ ಬಿದ್ದಾಗ ಮಿಕ್ಕವರೆಲ್ಲ ಓಡಿದರಂತೆ, ಅಪ್ಪ ಬರಿಯ ಮಚ್ಚು ಹಿಡಿದು ಅಡ್ಡ ನಿಂತನಂತೆ. ದೊರೆ ಊರು ಬಿಡುವಾಗ ತನ್ನ ಬಂದೂಕನ್ನೇ ಕೊಟ್ಟು ಹೋದನಂತೆ. ಊರು ನಂಬಲಿಲ್ಲ. ದೊರೆ ಗಂಟುಮೂಟೆ ಕಟ್ಟುವಾಗ ಎಗರಿಸಿದ ಅಂತ ಆಡಿಕೊಂಡಿತು. ಪುಟ್ಟತಾಯಮ್ಮನ ಅಣ್ಣನಿಗೆ ಇಸ್ಕೂಲಿನಲ್ಲಿ 'ಕೋವಿ ಕಳ್ಳನ ಮಗ' ಎಂದೇ ಹೆಸರಾಯಿತು. ಅವನು ಆ ಬಂದೂಕನ್ನು ಮುಟ್ಟಲೊಪ್ಪದೆ ಇದ್ದುದರಿಂದಲೇ ಅದು ಅಳಿಯ ಚಿಕ್ಕೇಗೌಡನ ಕೈ ಸೇರಿತ್ತು.

"ಬಂದೂಕಿನ ಹೊಟ್ಟೇಲಿ ದೊರೆ ಬರ್ಸವ್ನೆ ಅಂತ ಅಪ್ಪ ಸಾಯೋಗಂಟ ಯೋಳ್ತಿದ್ದ. ಆವಾಗ ಊರಾಗೆ ಇಂಗ್ಲಿಷ್ ಓದೋರು ಯಾರಿದ್ರು, ಅಣ್ಣ ಓದೋದ್ ಕಲ್ತ್ರೂ ಇದ್ರ ಹತ್ರ ಸುಳೀನಿಲ್ಲ. ನಮ್ ಯಜಮಾನ್ರು ಇರೋಗಂಟ ನಾನು ಇದ್ನ ಮುಟ್ಟಿದ್ದೋಳಲ್ಲ. ಅವ್ರು ಹೋದ್ಮ್ಯಾಲೆ ತೆಗ್ದು ಹುಡುಕ್ದೆ. ಏನೂ ಇಲ್ಲ. ನೀವು ತಿಳಿದೋರು, ಒಸಿ ನೋಡಿ."

ಬಟ್ಟೆ ಬಿಚ್ಚಿದರು. ಕೆಂಪು ಅರಗು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಆದರೂ ಹೊಳೆಯುತ್ತಿತ್ತು. ನನ್ನ ಕೈಕೆಲಸ ನನಗೆ ಗೊತ್ತಾಗುವುದಿಲ್ಲವೇ? ಕೆಳಗಿನ ಮರ ಬಿಚ್ಚಿ ನಂಬರು ಓದಿದೆ. ರಾಯರ ಕಾಗದದ ನಂಬರೇ. ರಾಯರು ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, "ಯಾವ ಪಾಪಿ ಇದಕ್ಕೆ ಬಣ್ಣ ಬಳಿದನೋ! ಗೆರೆಗಳೆಲ್ಲ ಹೋಗಿವೆ, ಇಲ್ಲೊಂದು ಬಿಲ್ಲೆ ಇರಬೇಕಿತ್ತು, ಅದೂ ಇಲ್ಲ. ಅರ್ಧ ಬೆಲೆಯೂ ಉಳಿದಿಲ್ಲ," ಅಂತ ಹಲುಬಿದರು. ನಾನು ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಅಣ್ಣ ಬಂದರು. ನಂಜೇಗೌಡ ಮೇಷ್ಟ್ರು, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಬಿಳೀ ಅಂಗಿ, ಕಿವಿ ದೂರ. ತಂಗಿ ಕೂಗಿ ಕೂಗಿ ನಾವು ಯಾರೆಂದು ಹೇಳಬೇಕಾಯಿತು. ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಕದ್ದ ಮಾಲಿಗೆ ಎಷ್ಟು ಬೆಲೆ ಕಟ್ಟುತ್ತೀರಿ ಸ್ವಾಮಿ?" ಅಂದರು.

"ಅಣ್ಣಾ, ಬುಡು ಅಂಗೆಲ್ಲ ಅನ್ಬ್ಯಾಡ!"

"ಏನನ್ನಬಾರದು? ನಾನು ಮಕ್ಕಳಿಗೆ ಅಕ್ಷರ ಕಲಿಸಿದವನು. ಅಪ್ಪ ಹೇಳಿದ ಅಕ್ಷರ ಎಲ್ಲಿದೆ? ಒಂದು ಅಕ್ಷರ ತೋರಿಸಲಿ, ಒಂದೇ ಒಂದು. ಇವತ್ತೇ ಅಪ್ಪನ ಫೋಟೋ ತಂದು ಗೋಡೆಗೆ ಹಾಕಿ ಕೈ ಮುಗಿಯುತ್ತೇನೆ." ಮೇಷ್ಟ್ರ ದನಿ ದೊಡ್ಡದಿತ್ತು, ಆದರೆ ಕೋಪದ್ದಾಗಿರಲಿಲ್ಲ. ಆಸೆಪಟ್ಟು ಆಸೆಪಟ್ಟು ಸುಸ್ತಾದವರ ದನಿ ಅದು. ಯಾರಾದರೂ ತನ್ನನ್ನು ಸುಳ್ಳು ಮಾಡಲಿ ಅಂತ ಆ ಮನುಷ್ಯ ಕಾಯುತ್ತಿದ್ದರು.

ಪುಟ್ಟತಾಯಮ್ಮ ನನ್ನ ಮುಖ ನೋಡಿದರು. "ಮೇಸ್ತ್ರಿ, ನೀವು ಯೋಳಿ. ಇಲ್ಲೇನಾದ್ರೂ ಬರ್ದಿತ್ತಾ? ಇಲ್ಲಾ ನಮ್ಮಪ್ಪ ಸುಳ್ಳು ಯೋಳಿದ್ನಾ?"

ಒಂದು ಮಾತು. 'ಬಿಲ್ಲೆ ಇತ್ತು ತಾಯಿ, ಕಿತ್ತವನು ನಾನೇ, ಅದು ನಮ್ಮ ಮನೆಯಲ್ಲಿದೆ.' ಇಷ್ಟೇ. ಪಕ್ಕದಲ್ಲಿ ರಾಯರು ಕೂತಿದ್ದರು. ನಾಲ್ಕು ತಾಲ್ಲೂಕಿನಲ್ಲಿ 'ಬಂದೂಕಿನ ಡಾಕ್ಟ್ರು' ಅನ್ನಿಸಿಕೊಂಡಿದ್ದ ನಾನು, ಆ ಪಾಪಿ ನಾನೇ ಅಂತ ಹೇಳಬೇಕಿತ್ತು. ಇನ್ನೊಂದು ವರ್ಷಕ್ಕೆ ಅಂಗಡಿಯಲ್ಲಿ ಶಾಲು ಹೊದಿಸಿ ಕಳಿಸುವವರಿದ್ದರು.

"ಇದ್ದ ಗುರುತು ಕಾಣಲ್ಲಮ್ಮ," ಅಂದೆ.

ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಪುಟ್ಟತಾಯಮ್ಮನೇ ಅವರ ಕಿವಿಯ ಹತ್ತಿರ ಬಾಗಿ, "ಏನೂ ಇಲ್ವಂತೆ ಅಣ್ಣ," ಅಂತ ಕೂಗಬೇಕಾಯಿತು. ಮೇಷ್ಟ್ರು ತಲೆ ಆಡಿಸಿ ಎದ್ದು ಹೋದರು. ಆಮೇಲೂ ಆ ತಾಯಿ ನಮಗೆ ಮಜ್ಜಿಗೆ ಕೊಟ್ಟರು. ನಾನು ಕುಡಿದೆ. ನಾಚಿಕೆಗೆಟ್ಟವನು, ಪೂರ್ತಿ ಕುಡಿದೆ.

ಮನೆಗೆ ಬಂದವನೇ ಭರಣಿ ತೆಗೆದೆ. ಬಿಲ್ಲೆ ಮತ್ತೆ ಕಪ್ಪಾಗಿತ್ತು. ಮತ್ತೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಕಸುಬಿನ ದೆಸೆಯಿಂದ ಅಷ್ಟು ಹೊತ್ತಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ದೊರೆ ತನಗೆ ತಿಳಿದ ಹಾಗೆ ಹೆಸರು ಕೊರೆಸಿದ್ದ, ಆದರೂ ಹೆಸರು ಮುದ್ದೇಗೌಡನದೇ. ಅದರ ಕೆಳಗೆ ಒಂದೇ ಸಾಲು. ನಾನು ಬಿದ್ದಾಗ ಓಡದೆ ನಿಂತವನಿಗೆ, ಅಂತ. ಕೊನೆಯಲ್ಲಿ ದೊರೆಯ ಹೆಸರಿನ ಎರಡು ಅಕ್ಷರ. ಅಷ್ಟು ವರ್ಷ ಆ ಮನೆಯ ಮಾನ ನಮ್ಮ ಮನೆಯ ಗೂಡಿನಲ್ಲಿ ಗುಂಡಿ, ಸೂಜಿಗಳ ಜೊತೆ ಬಿದ್ದಿತ್ತು.

ನಾಳೆಯೇ ಹೋಗುತ್ತೇನೆ ಅಂದುಕೊಂಡೆ. ನಾಳೆ ಅಂಗಡಿಯಲ್ಲಿ ಕೆಲಸ. ಭಾನುವಾರ ಹೋಗೋಣ ಅಂದುಕೊಂಡೆ, ಭಾನುವಾರ ಯಾರದೋ ಗೃಹಪ್ರವೇಶ. ನಿವೃತ್ತಿ ಆಗಲಿ, ಆಗ ಅಂಗಡಿಯ ಹೆಸರೂ ಕೆಡುವುದಿಲ್ಲ ಅಂತ ಒಂದು ದೊಡ್ಡ ನ್ಯಾಯ ಹುಡುಕಿಕೊಂಡೆ. ತಮ್ಮಂದಿರೇ, ತಪ್ಪು ಮಾಡಿದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಆಗ ನಾನು ಏನೂ ತಿಳಿಯದವನು. ತಿಳಿದ ಮೇಲೆ ಕಳೆದ ಆ ಒಂದು ವರ್ಷವಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಶಾಲು ಹೊದಿಸಿದರು, ಹಾರ ಹಾಕಿದರು. ಅದಾದ ಮುಂದಿನ ವಾರ ಬಿಲ್ಲೆ ಜೇಬಿಗೆ ಹಾಕಿಕೊಂಡು ಹೊರಟೆ. ಕನಕಪುರದಲ್ಲಿ ಬಸ್ಸು ಕಾಯುತ್ತ ಟೀ ಕುಡಿಯುವಾಗ ಪಕ್ಕದಲ್ಲಿ ದೊಡ್ಡಆಲಹಳ್ಳಿಯ ಒಬ್ಬರು ಸಿಕ್ಕಿದರು. ನಂಜೇಗೌಡ ಮೇಷ್ಟ್ರು ಮನೆಯಲ್ಲಿದ್ದಾರಾ ಅಂತ ಕೇಳಿದೆ.

"ಮೇಷ್ಟ್ರಾ? ಹೋಗ್ಬುಟ್ರಲ್ಲ ಸ್ವಾಮಿ. ಮೊನ್ನೆ ತಾನೇ ತಿಂಗ್ಳು ತುಂಬ್ತು."

ಟೀ ಲೋಟ ಅಲ್ಲೇ ಇಟ್ಟೆ. ವಾಪಸ್ ಹೋಗಿಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ರಾಮನಗರದ ಬಸ್ಸೂ ಎದುರಿಗೇ ನಿಂತಿತ್ತು. ಅದು ಹೊರಟುಹೋದ ಮೇಲೆ ದೊಡ್ಡಆಲಹಳ್ಳಿ ಬಸ್ಸು ಹತ್ತಿದೆ.

ಪುಟ್ಟತಾಯಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ಬದುವಿನ ಮೇಲೆ ನಿಂತೇ ಎಲ್ಲ ಹೇಳಿದೆ. ಅರಗು, ಬಿಲ್ಲೆ, ಭರಣಿ, ಅವತ್ತು ಜಗಲಿಯ ಮೇಲೆ ಹೇಳಿದ ಸುಳ್ಳು. ಬಿಲ್ಲೆಯನ್ನು ಕೈಯಲ್ಲಿಟ್ಟೆ. ಅದನ್ನು ಸೆರಗಿನಲ್ಲಿ ಒರೆಸಿದರು, ಬೆರಳಿನಲ್ಲಿ ಅಕ್ಷರ ಸವರಿದರು. ಓದಲು ಬರುವುದಿಲ್ಲ ಅವರಿಗೆ. ಏನಿದೆ ಅಂತ ನಾನೇ ಹೇಳಿದೆ. ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮತ್ತೆ ಸೊಪ್ಪು ಕೊಯ್ಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೇಳಿದರು: "ಅವತ್ತು ಒಂದ್ ಮಾತ್ ಯೋಳಿದ್ರೆ ನಿಮ್ಮನೆ ಗಂಟೇನ್ ಹೋಯ್ತಿತ್ತು ಮೇಸ್ತ್ರಿ?"

"ತಪ್ಪಾಯ್ತು ತಾಯಿ," ಅಂದೆ. ಅದೆಂಥ ಬಡ ಮಾತು!

"ಆಡ್ಕಂಡೋರೆಲ್ಲ ಯಾವಾಗ್ಲೋ ಸತ್ರು. ನಂಗೆ ಊರ್ನೋರಿಗೆ ತೋರ್ಸೋದು ಬೇಕಿರ್ನಿಲ್ಲ. ಅಣ್ಣಂಗೆ ತೋರ್ಸ್ಬೇಕಿತ್ತು. ಹೋಗೋ ಹಿಂದಿನ್ ದಿನಾನೂ ಅಂದ, 'ಪುಟ್ಟಿ, ಅಪ್ಪ ಹಂಗ್ ಮಾಡ್ಬಾರ್ದಿತ್ತು ಕಣೆ' ಅಂತ." ಅಷ್ಟು ಹೇಳಿ ಸೊಪ್ಪಿನ ಕುಡುಗೋಲನ್ನು ಬದುವಿನ ಮೇಲಿಟ್ಟರು. "ಬನ್ನಿ."

ತೋಟದ ಕೊನೆಯಲ್ಲಿ ಹೊಂಗೆ ಮರದಡಿ ಮೇಷ್ಟ್ರನ್ನು ಮಣ್ಣು ಮಾಡಿದ ಗುಡ್ಡೆ. ಮಣ್ಣು ಇನ್ನೂ ಕೂತಿರಲಿಲ್ಲ. ತಲೆ ಕಡೆ ಒಂದು ಕಲ್ಲು, ಅದರ ಮೇಲೆ ಬಾಡಿದ ಹೂವು. ಪುಟ್ಟತಾಯಮ್ಮ ಬಿಲ್ಲೆಯನ್ನು ವಾಪಸ್ಸು ನನ್ನ ಕೈಗೆ ಕೊಟ್ಟರು.

"ಓದಿ. ಅದ್ರಾಗೆ ಎಂಗೈತೋ ಅಂಗೇ ಓದಿ. ಅಣ್ಣಂಗೆ ಇಂಗ್ಲಿಷ್ ಬತ್ತಿತ್ತು."

ಕನ್ನಡಕ ಹಾಕಿಕೊಂಡೆ. ನನ್ನ ಹರಕು ಇಂಗ್ಲಿಷಿನಲ್ಲಿ ಮುದ್ದೇಗೌಡನ ಹೆಸರಿನಿಂದ ಹಿಡಿದು ದೊರೆಯ ಎರಡು ಅಕ್ಷರದ ತನಕ ಓದಿದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಪುಟ್ಟತಾಯಮ್ಮ ಗುಡ್ಡೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಖ ನನ್ನ ಕಡೆ ಎತ್ತಿದರು.

"ಒಸಿ ಜೋರಾಗಿ ಓದಿ ಮೇಸ್ತ್ರಿ," ಅಂದರು. "ಅಣ್ಣಂಗೆ ಕಿವಿ ಕೇಳಾಕಿಲ್ಲ."